ಕೊಳವೆಯೊಳಗಿನ ಚಟಪಟ

ಹೆಡ್‌ಫೋನ್ ಹಾಕಿಕೊಂಡು ಸೆನ್ಸರನ್ನು ಅಲ್ಯೂಮಿನಿಯಂ ಕೊಳವೆಯ ಹೊಟ್ಟೆಗೆ ಒತ್ತಿ ಹಿಡಿದೆ. ಒಗ್ಗರಣೆ ಸೌಟಿನಲ್ಲಿ ಕೊನೆಯ ನಾಲ್ಕು ಸಾಸಿವೆ ಸಿಡಿದ ಹಾಗೆ: ಚಟ್... ಚಟ್ ಚಟ್... ಚಟ್.

“ಬೋಲ್ಟ್ ಸಡಿಲ ಇರಬೇಕು ಮೇಡಂ,” ಎಂದ ಜೊತೆಗಿದ್ದ ಹುಡುಗ.

“ಬೋಲ್ಟಾದ್ರೆ ಒಂದೇ ಶ್ರುತಿಯಲ್ಲಿ ಗುಂಯ್ ಅನ್ನುತ್ತಪ್ಪ. ಇದಕ್ಕೆ ತಾಳವೇ ಇಲ್ಲ. ಒಳಗೆ ಚೂರು ಕುಣೀತಿದೆ.”

ಹೈವೋಲ್ಟೇಜ್ ಗ್ಯಾಸ್ ಲೈನುಗಳನ್ನು ಚಾಲೂ ಮಾಡುವ ಮುನ್ನ ಪರೀಕ್ಷಿಸುವುದು ನನ್ನ ಕೆಲಸ. ಕೊಳವೆಯ ನಡುವೆ ವಿದ್ಯುತ್ ಹರಿಯುವ ವಾಹಕ, ಅದನ್ನು ಹಿಡಿದು ನಿಲ್ಲಿಸುವ ಎಪಾಕ್ಸಿ ಬಿಲ್ಲೆಗಳು, ಸುತ್ತ ಒತ್ತಡದಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ. ಅಷ್ಟೇ ಒತ್ತಡದ ಗಾಳಿಗಿಂತ ಇದು ಸುಮಾರು ಎರಡೂವರೆ ಪಟ್ಟು ವೋಲ್ಟೇಜ್ ತಡೆಯುತ್ತದೆ. ಗೋಪುರಗಳ ಮೇಲೆ ಮೀಟರುಗಟ್ಟಲೆ ಅಂತರ ಬೇಡುವ ತಂತಿ ಇಲ್ಲಿ ತೋಳಿನಲ್ಲಿ ತಬ್ಬುವಷ್ಟು ಕೊಳವೆಯಲ್ಲಿ ಅಡಗುತ್ತದೆ. ಜರ್ಮನಿಯ ಶ್ಲುಖ್‌ಸೇ ಜಲವಿದ್ಯುತ್ ಯೋಜನೆಯ ಸುರಂಗಕ್ಕೆ ಇಂಥ ಲೈನ್ ಬಂದದ್ದು 1970ರ ದಶಕದಲ್ಲಿ.

ಇಷ್ಟು ಗಟ್ಟಿಯಾದ ಏರ್ಪಾಡನ್ನು ಕೆಡಿಸಲು ಕೂದಲೆಳೆ ದಪ್ಪದ, ಕೆಲವೇ ಮಿಲಿಮೀಟರ್ ಉದ್ದದ ಲೋಹದ ಚೂರು ಸಾಕು. ಕೊಳವೆಯ ತಳದಲ್ಲಿ ಬಿದ್ದ ಚೂರಿಗೆ ವಿದ್ಯುತ್ ಕ್ಷೇತ್ರದಿಂದ ಆವೇಶ ಬರುತ್ತದೆ. ಸೆಳೆತ ತೂಕವನ್ನು ಮೀರಿದ ಕ್ಷಣ ಅದು ಎದ್ದು ನಿಲ್ಲುತ್ತದೆ, ಜಿಗಿಯುತ್ತದೆ, ಬಿದ್ದು ಮತ್ತೆ ಜಿಗಿಯುತ್ತದೆ. ಅಲ್ಯೂಮಿನಿಯಂ ಹಗುರ, ತಾಮ್ರಕ್ಕಿಂತ ಬೇಗ ಏಳುತ್ತದೆ. ಗುಂಡು ಕಣಕ್ಕಿಂತ ಸೂಜಿಯಂಥದ್ದು ಕೆಟ್ಟದ್ದು. ತುದಿಯಲ್ಲಿ ಕ್ಷೇತ್ರ ತೀವ್ರವಾಗಿ ಅನಿಲ ಸೋಲುತ್ತದೆ. ವಾಹಕದ ಹತ್ತಿರ ಹೋದರಂತೂ ಕಿಡಿ ಹಾರಿ ಲೈನ್ ಟ್ರಿಪ್.

ಚೂರು ಹೊರಗಿನಿಂದ ಬರುವುದು ಕಡಿಮೆ. ಬೋಲ್ಟ್ ತಿರುಗಿಸಿದಾಗ ಮರೆ ಸವೆದು, ಜೋಡಣೆಯಲ್ಲಿ ಲೋಹಕ್ಕೆ ಲೋಹ ಉಜ್ಜಿ, ನಮ್ಮ ಕೈಯಿಂದಲೇ ಹುಟ್ಟುತ್ತದೆ. ಅದಕ್ಕೇ ಜೋಡಣೆ ನಡೆಯುವ ಟೆಂಟಿನೊಳಗೆ ವ್ಯಾಕ್ಯೂಮ್ ಕ್ಲೀನರ್, ನೂಲು ಬಿಡದ ಬಟ್ಟೆ, ಕೈಗವಸು. ಮಡಿ ವಿಷಯದಲ್ಲಿ ನಮ್ಮಜ್ಜಿಯೂ ನನ್ನಷ್ಟು ಕಟ್ಟುನಿಟ್ಟಾಗಿರಲಿಲ್ಲ! ತಳದಲ್ಲಿ ಕ್ಷೇತ್ರ ಕ್ಷೀಣವಾಗಿರುವ ಬಲೆಗಳೂ ಇರುತ್ತವೆ. ವೋಲ್ಟೇಜನ್ನು ಹಂತ ಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಕಾದರೆ, ಕುಣಿಯುವ ಚೂರು ತಾನೇ ಹೋಗಿ ಅವುಗಳಲ್ಲಿ ಬೀಳುತ್ತದೆ.

ನಮ್ಮದು ಬೀಳಲಿಲ್ಲ. ಬಿಚ್ಚಬೇಕಾಯಿತು. ಈ ಅನಿಲವನ್ನು ಹೊರಗೆ ಬಿಡುವಂತಿಲ್ಲ; ಒಂದು ಕಿಲೋ ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ 23 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಭೂಮಿ ಬಿಸಿಯಾಗುತ್ತದೆ. 2001ರಲ್ಲಿ ಜಿನೀವಾದಲ್ಲಿ ಹಾಕಿದ ಲೈನಿಗೆ ನೂರಕ್ಕೆ 80 ಪಾಲು ನೈಟ್ರೋಜನ್ ಬೆರೆಸಿದ್ದು ಸುಮ್ಮನೆ ಅಲ್ಲ. ರಾತ್ರಿಯೆಲ್ಲ ಅನಿಲವನ್ನು ಟ್ಯಾಂಕಿಗೆ ಎಳೆದೆವು. ಬೆಳಿಗ್ಗೆ ಸಿಕ್ಕಿದ್ದು ಬೋಲ್ಟ್ ಮರೆಯ ಒಂದು ಸುರುಳಿ, ಅಕ್ಕಿಕಾಳಿಗಿಂತ ಚಿಕ್ಕದು.

ಮತ್ತೆ ಮುಚ್ಚಿ, ತುಂಬಿ, ಕಿವಿಗೊಟ್ಟೆ. ನಿಶ್ಶಬ್ದ. ಹುಡುಗ ನಕ್ಕ. ನಾನು ನಗಲಿಲ್ಲ, ಎಪಾಕ್ಸಿ ಬಿಲ್ಲೆಗೆ ಅಂಟಿ ಕೂತ ಚೂರು ಕುಣಿಯುವುದಿಲ್ಲ, ಸದ್ದೂ ಮಾಡುವುದಿಲ್ಲ. “ವೋಲ್ಟೇಜ್ ಮೊದಲಿಂದ ಏರಿಸು,” ಎಂದೆ.