ಸೊಳ್ಳೆರೋಗಗಳ ಲಸಿಕೆ: ರಕ್ಷಣೆಯನ್ನು ಅಳೆಯುವ ಬಗೆ

ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಪಾಲಕರ ಮುಂದಿಡಬಯಸುತ್ತೇನೆ. ಲಸಿಕೆಯೊಂದು ರೋಗಾಣುವಿನ ಎಲ್ಲ ತಳಿಗಳಿಂದಲೂ ರಕ್ಷಿಸುವುದೇ? ಅದನ್ನು ಮುಂಚಿತವಾಗಿ ಅರಿಯುವುದು ಹೇಗೆ?

ನಮ್ಮ ದೇವಣಿ ದನಗಳಲ್ಲಿ ಅಚ್ಚ ಬಿಳುಪಿನ ಬಾಳಂಕ್ಯಾ, ಕಪ್ಪು ಮುಖದ ವಾನ್ನೇರಾ, ಕಪ್ಪು ಮಚ್ಚೆಗಳ ಶೇವೇರಾ ಎಂಬ ಭೇದಗಳಿವೆ. ಬಣ್ಣ ಬೇರೆಯಾದರೂ ಜಾತಿ ಒಂದೇ. ಮಿದುಳುಜ್ವರವನ್ನುಂಟುಮಾಡುವ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸೂ ಅಂತಹುದೇ. ಅದರಲ್ಲಿ ಐದು ವಂಶಗಳಿದ್ದರೂ ನಮ್ಮ ರಕ್ತದ ಪ್ರತಿಕಾಯಗಳು ಅವನ್ನು ಬಹುಮಟ್ಟಿಗೆ ಒಂದೆಂದೇ ಗುರುತಿಸುತ್ತವೆ. ಕೋಲಾರದ ರೋಗಿಯೊಬ್ಬರಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ಬೇರ್ಪಡಿಸಿದ ತಳಿಯಿಂದಲೇ 2013ರಲ್ಲಿ ಜೆನ್‌ವ್ಯಾಕ್ ಎಂಬ ಸ್ವದೇಶಿ ಲಸಿಕೆ ಬಳಕೆಗೆ ಬಂದಿತು.

ರಕ್ಷಣೆಯನ್ನು ಅಳೆಯುವ ಕ್ರಮ ಹೀಗಿದೆ: ಲಸಿಕೆ ಪಡೆದವರ ರಕ್ತಸಾರವನ್ನು ಹಂತಹಂತವಾಗಿ ತೆಳುಗೊಳಿಸಿ, ವೈರಸ್ಸಿನೊಡನೆ ಬೆರೆಸಿ, ಜೀವಕೋಶಗಳ ಪದರದ ಮೇಲೆ ಹಾಕುತ್ತಾರೆ. ಹತ್ತು ಪಟ್ಟು ತೆಳುಗೊಳಿಸಿದ ಸಾರವೂ ವೈರಸ್ಸಿನಿಂದಾಗುವ ಕಲೆಗಳನ್ನು ಅರ್ಧಕ್ಕಿಳಿಸಿದರೆ ಈ ರೋಗದಿಂದ ರಕ್ಷಣೆಯಿದೆ ಎಂದು ಎಣಿಸುತ್ತಾರೆ. ಆದರೂ ಮೂರನೆಯ ವಂಶದಿಂದಾದ ಲಸಿಕೆಗಳ ಬಲ ಐದನೆಯ ವಂಶದ ಎದುರು ಕುಗ್ಗುವುದುಂಟು. ಆದ್ದರಿಂದ ಪ್ರತಿಯೊಂದು ವಂಶದ ಮೇಲೂ ಪರೀಕ್ಷೆ ಅಗತ್ಯ.

ಡೆಂಗಿಯ ವಿಷಯ ಇಷ್ಟು ಸರಳವಲ್ಲ. ಅದರ ನಾಲ್ಕು ಬಗೆಗಳು ಬಣ್ಣದ ಭೇದಗಳಲ್ಲ, ಬೇರೆ ಬೇರೆ ಜಾತಿಗಳಿದ್ದಂತೆ. ಒಂದು ಬಗೆಗೆ ಹುಟ್ಟಿದ ಪ್ರತಿಕಾಯವು ಇನ್ನೊಂದಕ್ಕೆ ಅರ್ಧಂಬರ್ಧ ಅಂಟಿಕೊಂಡರೆ, ವೈರಸ್ಸನ್ನು ತಡೆಯುವ ಬದಲು ಜೀವಕೋಶದೊಳಗೆ ಹೊಗಿಸಿಬಿಡಬಲ್ಲದು. ಫಿಲಿಪೈನ್ಸ್ ದೇಶವು 2016ರಿಂದ ಎಂಟು ಲಕ್ಷಕ್ಕೂ ಹೆಚ್ಚು ಜನರಿಗೆ, ಬಹುಪಾಲು ಶಾಲಾಮಕ್ಕಳಿಗೆ, ಡೆಂಗ್‌ವ್ಯಾಕ್ಸಿಯಾ ಲಸಿಕೆ ಹಾಕಿತು. ಮೊದಲು ಡೆಂಗಿ ಬಾರದಿದ್ದವರಿಗೆ ಮುಂದೆ ರೋಗ ಉಲ್ಬಣಿಸುವ ಅಪಾಯ ಹೆಚ್ಚೆಂದು 2017ರ ನವೆಂಬರಿನಲ್ಲಿ ತಯಾರಕರೇ ತಿಳಿಸಿದಾಗ ಆ ಕಾರ್ಯಕ್ರಮ ನಿಂತುಹೋಯಿತು. ರಕ್ತದಲ್ಲಿ ಪ್ರತಿಕಾಯವಿದ್ದುದು ನಿಜ. ಅದೊಂದರಿಂದಲೇ ರಕ್ಷಣೆಯನ್ನು ಊಹಿಸಲಾಗಲಿಲ್ಲ. ಈ ಕಾರಣದಿಂದಲೇ 2024ರ ಆಗಸ್ಟಿನಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಡೆಂಗಿ ಲಸಿಕೆಯ ಪ್ರಯೋಗದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಎರಡು ವರ್ಷಗಳವರೆಗೆ ಗಮನಿಸುವ ಯೋಜನೆ ಹಾಕಿಕೊಳ್ಳಲಾಯಿತು.

ಲಸಿಕೆ ಬಂದಾಗ ಪಾಲಕರು ಅಂಜಿ ದೂರ ಸರಿಯಬಾರದು. ಯಾವ ಬಗೆಗಳ ಮೇಲೆ, ಯಾವ ವಯಸ್ಸಿನವರಲ್ಲಿ, ಮೊದಲು ಸೋಂಕು ತಗಲದವರಲ್ಲಿಯೂ ಪರೀಕ್ಷೆ ನಡೆದಿದೆಯೇ ಎಂದು ವೈದ್ಯರನ್ನು ಕೇಳಿ ತಿಳಿಯಬೇಕು. ನೀರಿನ ಅಭಾವದಿಂದ ಹಂಡೆ, ಹೌದುಗಳಲ್ಲಿ ನೀರು ಕೂಡಿಡುವ ಈ ಸೀಮೆಯಲ್ಲಿ ವಾರಕ್ಕೊಮ್ಮೆ ಅವುಗಳನ್ನು ಬರಿದುಮಾಡಿ, ತಿಕ್ಕಿ ತೊಳೆದು, ಮುಚ್ಚಿಡುವುದಂತೂ ನಾಲ್ಕೂ ಬಗೆಯ ಡೆಂಗಿಗೆ ಸಮನಾದ ತಡೆ.