ನಿಘಂಟಿನ ಆಕರಸಂಕೇತಗಳು ಮತ್ತು ಅವುಗಳ ಹಿಂದಿನ ಜನ

ಭಾಷಾವಿಜ್ಞಾನಿಗಳಾದ ನಾವು ನಿಘಂಟನ್ನು ದತ್ತಾಂಶದ ಕಣಜವೆಂದು ಬಳಸುತ್ತೇವೆ. ಆ ಕಣಜಕ್ಕೆ ಕಾಳು ತಂದವರು ಯಾರು, ಅವರು ಏನನ್ನು ಆಯ್ದರು, ಏನನ್ನು ಕೈಬಿಟ್ಟರು ಎಂಬ ವಿಚಾರಣೆಯನ್ನು ಮಾತ್ರ ನಿಘಂಟುಗಳ ಇತಿಹಾಸಕಾರರಿಗೆ ಬಿಡುವುದು ರೂಢಿಯಾಗಿದೆ. ಈ ವಿಭಜನೆ ವಿಶ್ಲೇಷಣೆಗೆ ಹೇಗೆ ಬಾಧಕವಾಗುತ್ತದೆ ಎಂಬುದನ್ನು ಕನ್ನಡದ ಎರಡು ನಿಘಂಟುಗಳ ಆಧಾರದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ಲರ (1832–1903) ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಪದಗಳ ಈ ಕೃತಿಯ ಕರ್ತೃವೆಂದು ನಾವು ಸ್ಮರಿಸುವುದು ಒಬ್ಬರನ್ನೇ. ಆದರೆ ಒಳಪುಟಗಳ ಆಕರಸಂಕೇತಗಳನ್ನು ಗಮನಿಸಿದರೆ ಚಿತ್ರ ಬದಲಾಗುತ್ತದೆ. ಕೆಲವು ಸಂಕೇತಗಳು ಗ್ರಂಥಗಳನ್ನು ಸೂಚಿಸುತ್ತವೆ. ಅವುಗಳಲ್ಲಿ ಕಿಟೆಲ್ಲರೇ 1872ರಲ್ಲಿ ಸಂಪಾದಿಸಿದ್ದ ಶಬ್ದಮಣಿದರ್ಪಣವೂ ಒಂದು. ಇನ್ನು ಕೆಲವು ಕೇವಲ ಪ್ರದೇಶವನ್ನು ಹೇಳುತ್ತವೆ: ಮೈಸೂರು, ದಕ್ಷಿಣ ಮರಾಠಾ ಪ್ರಾಂತ ಇತ್ಯಾದಿ. ಮೊದಲ ಬಗೆಯ ಸೂಚನೆಯನ್ನು ಗ್ರಂಥ ತೆರೆದು ಪರಿಶೀಲಿಸಬಹುದು. ಎರಡನೆಯದರ ಹಿಂದೆ ಇರುವುದು ಆಡುಮಾತು. ಆ ಮಾತನ್ನು ಯಾರು ಆಡಿದರು, ಯಾವ ಜಾತಿಯವರು, ಯಾವ ಕಸುಬಿನವರು, ಕೇಳಿದ ಪ್ರಶ್ನೆಗೆ ಉತ್ತರವಾಗಿ ಹೇಳಿದರೋ ಸಹಜವಾಗಿ ಬಳಸಿದರೋ ಎಂಬುದನ್ನು ಸಂಕೇತ ತಿಳಿಸುವುದಿಲ್ಲ. ಇಷ್ಟಾದರೂ ಅದು ಅಮೂಲ್ಯವಾದದ್ದು: ಈ ಪದ ಗ್ರಂಥದಿಂದಲ್ಲ, ಬಾಯಿಂದ ಬಂದದ್ದು ಎಂಬುದನ್ನು ಹೇಳುವ ಸಾಕ್ಷಿ ಅದೊಂದೇ.

ಬರೋ ಮತ್ತು ಎಮೆನೊ ಅವರ ದ್ರಾವಿಡ ಜ್ಞಾತಿಪದಕೋಶದ (1961; ಪರಿಷ್ಕೃತ ಆವೃತ್ತಿ 1984) ಕನ್ನಡ ಭಾಗಕ್ಕೆ ಮುಖ್ಯ ಆಧಾರ ಕಿಟೆಲ್ ನಿಘಂಟೇ. ಮರಿಯಪ್ಪ ಭಟ್ಟರು ಮದ್ರಾಸು ವಿಶ್ವವಿದ್ಯಾನಿಲಯಕ್ಕಾಗಿ ಪರಿಷ್ಕರಿಸಿದ ಆವೃತ್ತಿಯಿಂದ ತೆಗೆದುಕೊಂಡ ರೂಪಗಳಿಗೆ 1984ರ ಆವೃತ್ತಿಯಲ್ಲಿ ಪ್ರತ್ಯೇಕ ಗುರುತುಂಟು. ಕಿಟೆಲ್ಲರು ಕೊಟ್ಟ ಪ್ರದೇಶಸೂಚನೆಗಳು ಮಾತ್ರ ಬಹುಮಟ್ಟಿಗೆ ಅಲ್ಲಿಗೆ ಬಂದಿಲ್ಲ. ಹೀಗೆ, ಒಬ್ಬ ಮೈಸೂರಿನವನ ಮಾತು ಕೋಶದಲ್ಲಿ 'ಕನ್ನಡ'ವಾಗುತ್ತದೆ. ನಮ್ಮ ಪುನಾರಚನೆಗಳಲ್ಲಿ ಹಳಗನ್ನಡ ಕಾವ್ಯದ ಪದದ ಪಕ್ಕದಲ್ಲಿ ಸಮಾನ ತೂಕ ಪಡೆಯುತ್ತದೆ. ಇದು ನಾನೇ ಮಾಡಿದ ತಪ್ಪು. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಆಕರಸಂಕೇತಗಳನ್ನು ಕಳಚಿದ್ದ ಒಂದು ಗಣಕಪಾಠದಿಂದ ಪದಗಳನ್ನು ಎಣಿಸಿ, ಪ್ರಾಚೀನ ರೂಪಗಳ ಹರಹನ್ನು ಕುರಿತು ಒಂದು ಅಧ್ಯಾಯವನ್ನೇ ಬರೆದಿದ್ದೆ. ಮುದ್ರಿತ ಪ್ರತಿಯೊಂದಿಗೆ ತಾಳೆ ನೋಡಿದ ಮೇಲೆ ಅದನ್ನು ಮೊದಲಿನಿಂದ ಬರೆಯಬೇಕಾಯಿತು.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಸಮಸ್ಯೆ ಬೇರೆ ಬಗೆಯದು. ಚಾರಿತ್ರಿಕ ಕ್ರಮವನ್ನು ಅನುಸರಿಸಿದ ಈ ನಿಘಂಟಿನ ಎಂಟು ಸಂಪುಟಗಳಲ್ಲಿ ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ ಹೊರಬಂದವು. ಡಿ. ಎಲ್. ನರಸಿಂಹಾಚಾರ್, ಜಿ. ವೆಂಕಟಸುಬ್ಬಯ್ಯ ಮೊದಲಾದ ಸಂಪಾದಕರ ಹೆಸರುಗಳನ್ನು ನಾವು ಬಲ್ಲೆವು. ಶಾಸನಗಳನ್ನೂ ಕಾವ್ಯಗಳನ್ನೂ ಓದಿ, ಪದ, ವಾಕ್ಯ, ಆಕರಗಳನ್ನು ಚೀಟಿಗಳಲ್ಲಿ ಬರೆದವರ ಕೈವಾಡ ಉಲ್ಲೇಖದಲ್ಲಿ ಕಾಣುವುದಿಲ್ಲ. ಇಲ್ಲಿ ಗ್ರಂಥದ ಗುರುತು ಸ್ಪಷ್ಟ. ಆಯ್ಕೆಯ ಗುರುತು ಇಲ್ಲ. ಆಯ್ಕೆ ಎಂಥ ವ್ಯತ್ಯಾಸವನ್ನು ಉಂಟುಮಾಡೀತು ಎಂಬುದಕ್ಕೆ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್‍ರೆ 1879ರಲ್ಲೇ ನಿದರ್ಶನ ಕೊಟ್ಟಿದ್ದರು: ಸ್ವಯಂಸೇವಕ ಓದುಗರು 'ಅಬ್ಯೂಷನ್' ಎಂಬ ವಿರಳ ಪದಕ್ಕೆ ಐವತ್ತರಷ್ಟು ಚೀಟಿ ಕಳಿಸಿದ್ದರೆ, ನಿತ್ಯಬಳಕೆಯ 'ಅಬ್ಯೂಸ್' ಪದಕ್ಕೆ ಬಂದದ್ದು ಐದರಷ್ಟು. ಓದುವವನ ಕಣ್ಣು ಅಪರೂಪದ್ದಕ್ಕೆ ನಿಲ್ಲುತ್ತದೆ, ಸಾಮಾನ್ಯವಾದದ್ದನ್ನು ದಾಟಿ ಹೋಗುತ್ತದೆ. ಆದ್ದರಿಂದ ಚೀಟಿಗಳಿಂದ ಕಟ್ಟಿದ ಯಾವುದೇ ನಿಘಂಟಿನ ಉಲ್ಲೇಖಸಂಖ್ಯೆಯನ್ನು ಬಳಕೆಯ ಆವರ್ತನವೆಂದು ಎಣಿಸಲಾಗದು. ಒಂದು ಶತಮಾನದಲ್ಲಿ ಉಲ್ಲೇಖವಿಲ್ಲವೆಂದರೆ ಆಗ ಪದವೇ ಇರಲಿಲ್ಲವೆಂದೂ ಹೇಳಲಾಗದು. (ಎರಡನೆಯ ತೀರ್ಮಾನವನ್ನು ಪ್ರಬಂಧಗಳಲ್ಲಿ ನಾನು ಈಗಲೂ ಪದೇ ಪದೇ ಕಾಣುತ್ತೇನೆ.)

ನನ್ನ ಮಾರ್ಗದರ್ಶನದಲ್ಲಿರುವ ವಿದ್ಯಾರ್ಥಿಗಳ ದತ್ತಾಂಶಪಟ್ಟಿಯಲ್ಲಿ ಈಗ ಪದ, ಅರ್ಥಗಳ ಜೊತೆಗೆ ಇನ್ನೆರಡು ಕಲಮುಗಳಿವೆ: ಮುದ್ರಿತ ಪ್ರತಿಯಲ್ಲಿರುವ ಆಕರಸಂಕೇತ, ಮತ್ತು ಆ ಸಂಕೇತ ಬರಹದ್ದೋ ಮಾತಿನದೋ ಎಂಬ ವಿಂಗಡಣೆ. ಇದನ್ನು ತುಂಬಲು ಮುದ್ರಿತ ಪುಟವನ್ನೇ ತೆರೆಯಬೇಕು, ಕೆಲಸ ನಿಧಾನವಾಗುತ್ತದೆ. ಸಂಕೇತವೇ ಇಲ್ಲದ ಪದಗಳಿಗೆ ಕಲಮನ್ನು ಖಾಲಿ ಬಿಡುತ್ತೇವೆ, ಊಹಿಸಿ ತುಂಬುವುದಿಲ್ಲ.