ಹೊನ್ನು ಮುಗಿದ ಮೇಲೆ

ಮುರುಗಮಲ್ಲದಲ್ಲಿ ಬೆಳಗಿನ ಬಸ್ಸಿನಿಂದ ಇಳಿಯುವವರು ಹೆಚ್ಚು, ಹತ್ತುವವರು ಕಡಿಮೆ. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹರಕೆ ಹೊತ್ತು ಬಂದವರು, ಮುಕ್ತೀಶ್ವರನ ಸನ್ನಿಧಿಗೆ ಬಂದವರು, ಎರಡು ಕಡೆಗೂ ಕೈಮುಗಿದು ಹೋಗುವವರು ಆ ಬಸ್ಸಿನಲ್ಲಿ ಒತ್ತಾಗಿ ಬಂದು ಇಳಿಯುತ್ತಾರೆ. ಖಾಲಿಯಾಗಿ ಚಿಂತಾಮಣಿಗೆ ಹಿಂದಿರುಗುವ ಅದೇ ಬಸ್ಸಿನಲ್ಲಿ ಒಬ್ಬನೇ ಕುಳಿತು ಹೊರಟ ಪ್ರಯಾಣಿಕನಿಗೆ ಒಂದು ಕೈಚೀಲ, ಒಂದು ಸೀಸೆ ನೀರು ಸಾಕು. ಅವನು ಹೋಗಬೇಕಾದ ಊರುಗಳು ದೂರದ ದೇಶದವಲ್ಲ. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಮುರುಗಮಲ್ಲವೂ ಕೋಲಾರದ ಚಿನ್ನದ ಗಣಿಗಳೂ ಒಂದೇ ಜಿಲ್ಲೆಯಲ್ಲಿದ್ದವು.

ಚಿಂತಾಮಣಿಯಿಂದ ಕೋಲಾರದ ಕಡೆಗೆ ರೈಲುದಾರಿಯುಂಟು. ಹಿಂದೆ ಇದು ಎರಡು ಅಡಿ ಆರು ಅಂಗುಲದ ಪುಟ್ಟ ಹಳಿ. ಅದರ ಮೇಲೆ ಓಡುತ್ತಿದ್ದ ಗಾಡಿಯೂ ಪುಟ್ಟದೇ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗ ದೊಡ್ಡ ಹಳಿಯಾದದ್ದು ೨೦೧೩ರಲ್ಲಿ. ಗಾಡಿಗಳು ಇಂದಿಗೂ ಹೆಚ್ಚಿಲ್ಲ. ಶ್ರೀನಿವಾಸಪುರದ ಸುತ್ತಿನ ಮಾವಿನ ತೋಪುಗಳು ಬಂದಾಗ ಮಾತ್ರ ಕಣ್ಣಿಗೆ ಹಸಿರು. ಉಳಿದಂತೆ ಬೋಳುಗುಡ್ಡ, ನೀಲಗಿರಿಯ ನೆಡುತೋಪು, ಏರಿ ಇದ್ದು ನೀರಿಲ್ಲದ ಕೆರೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಈ ಸೀಮೆಗಿಲ್ಲ. ಒಂಟಿಯಾಗಿ ಕುಳಿತವನನ್ನು ನಮ್ಮ ಕಡೆಯ ರೈಲಿನಲ್ಲಿ ಯಾರೂ ಹಾಗೆಯೇ ಬಿಡುವುದಿಲ್ಲ.

"ಎಲ್ಲಿಗೆ ಸ್ವಾಮಿ ಪ್ರಯಾಣ?"

"ಕೆ.ಜಿ.ಎಫ್.ಗೆ."

"ಅಲ್ಲಿ ನೆಂಟರಿದ್ದಾರೋ?"

"ಯಾರೂ ಇಲ್ಲ. ನೋಡಿಕೊಂಡು ಬರೋಣ ಅಂತ."

"ಈಗ ಅಲ್ಲೇನಿದೆ ಸ್ವಾಮಿ ನೋಡೋಕೆ!"

ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಬೇಕು. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬನ ಹೆಸರಿನಲ್ಲಿ ಈ ಊರು ಹಿಂದೆ ಬೌರಿಂಗ್‌ಪೇಟೆಯಾಗಿತ್ತು. ಇಲ್ಲಿಂದ ಮಾರಿಕುಪ್ಪಕ್ಕೆ ಹೋಗುವ ಸುಮಾರು ೧೬ ಕಿಲೋಮೀಟರಿನ ಕವಲುದಾರಿಯನ್ನು ೧೮೯೪ರಲ್ಲಿ ಹಾಕಿದ್ದು ಚಿನ್ನಕ್ಕಾಗಿ. ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳ ಹೆಸರು ಒಂದೊಂದಾಗಿ ಬರುವಾಗ, ಊರುಗಳ ಹೆಸರನ್ನು ಓದುತ್ತಿರುವೆನೋ ಹಳೆಯ ಕಂಪನಿಗಳ ಲೆಕ್ಕದ ಪುಸ್ತಕವನ್ನೋ ಎಂಬ ಸಂದೇಹ ಹುಟ್ಟುತ್ತದೆ. ಚಿಕ್ಕಬಳ್ಳಾಪುರದ ಕಡೆಯವನಿಗೆ ಇಲ್ಲಿ ಪರಿಚಿತವಾದ ಇನ್ನೊಂದು ಹೆಸರೂ ಸಿಗುತ್ತದೆ. ಇಲ್ಲಿಯ ದೊಡ್ಡ ಗಣಿಗಳಲ್ಲೊಂದಕ್ಕೆ ನಂದಿದುರ್ಗವೆಂದು ಹೆಸರು. ತನ್ನ ಮನೆಯ ಕಡೆಯ ಬೆಟ್ಟವೇ ಪಾತಾಳಕ್ಕಿಳಿದಂತೆ!

ಈ ನೆಲಕ್ಕೆ ಒಂಟಿಯಾಗಿ ಬಂದವರಲ್ಲಿ ಮೊದಲಿಗನೆಂದು ಯಾರೂ ಹೆಮ್ಮೆಪಡುವಂತಿಲ್ಲ. ೧೮೦೨ರಲ್ಲಿ ಮೈಸೂರಿನ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿಯ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟನು. ಆ ಬರಹ ಬಹುಕಾಲ ಧೂಳು ಹಿಡಿದು ಬಿದ್ದಿತ್ತು. ಅದನ್ನು ಓದಿದ ಮೈಕೇಲ್ ಲವೆಲ್ ಎಂಬ ನಿವೃತ್ತ ಐರಿಷ್ ಸಿಪಾಯಿ ೧೮೭೧ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಇತ್ತ ಹೊರಟನು. ಮೈಸೂರು ಸರ್ಕಾರದಿಂದ ಅಗೆಯಲು ಅನುಮತಿಯೇನೋ ದೊರಕಿತು, ಆದರೆ ನೆಲದಾಳಕ್ಕೆ ಇಳಿಯುವಷ್ಟು ಹಣ ಅವನಲ್ಲಿರಲಿಲ್ಲ. ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟನು. ಬೆಂಗಳೂರಿನ ಲವೆಲ್ ರಸ್ತೆಯಲ್ಲಿ ಓಡಾಡುವವರಲ್ಲಿ ಈ ಎತ್ತಿನ ಗಾಡಿಯನ್ನು ನೆನೆಯುವವರು ಎಷ್ಟು ಮಂದಿಯೋ! ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಗಣಿಗಳ ಆಡಳಿತಕ್ಕೆ ಕೈಹಾಕಿದ ಮೇಲೆಯೇ ಭೂಮಿ ತನ್ನ ಗಂಟನ್ನು ಬಿಚ್ಚಿದ್ದು.

ಆಮೇಲೆ ಈ ಬರಡು ಸೀಮೆಗೆ ನಾಡಿನ ಬೇರಾವ ಊರಿಗೂ ಇಲ್ಲದ ಉಪಚಾರ ನಡೆಯಿತು. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ೧೯೦೨ರಲ್ಲಿ ಸುಮಾರು ೧೪೭ ಕಿಲೋಮೀಟರು ತಂತಿಯ ಮೇಲೆ ನಡೆದು ಮೊದಲು ಬಂದದ್ದು ಇಲ್ಲಿಗೆ. ಬೆಂಗಳೂರು ಆ ಬೆಳಕಿಗಾಗಿ ೧೯೦೫ರವರೆಗೆ ಕಾಯಬೇಕಾಯಿತು. ನೀರು ಬೇತಮಂಗಲದ ಕೆರೆಯಿಂದ. ಆ ಕೆರೆಯನ್ನು ತುಂಬುವ ಪಾಲಾರ್ ಹುಟ್ಟುವುದು ಚಿಂತಾಮಣಿ ತಾಲ್ಲೂಕಿನ ತಲಗವಾರದ ಬಳಿ. ಸಾಹೇಬರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಆಡಲು ಮೈದಾನ. ಉತ್ತರ ಆರ್ಕಾಟಿನಿಂದಲೂ ತೆಲುಗು ಸೀಮೆಯಿಂದಲೂ ಬಂದ ಕೂಲಿಗಳಿಗೆ 'ಲೈನು' ಎಂದು ಕರೆಯುವ ಸಾಲುಮನೆ. ಒಂದು ಸೂರಿನ ಕೆಮ್ಮು ಮತ್ತೊಂದು ಸೂರಿಗೆ ಕೇಳುವಷ್ಟು ಒತ್ತೊತ್ತಾದ ಮನೆಗಳವು. ಕೆಮ್ಮೆಂದರೆ ನೆಗಡಿಯ ಕೆಮ್ಮಲ್ಲ. ಕಲ್ಲುಧೂಳು ಶ್ವಾಸಕೋಶದಲ್ಲಿ ಕೂತು ಬರುವ ಕೆಮ್ಮು.

ಚಾಂಪಿಯನ್ ಗಣಿ ಕೊನೆಗೆ ಮುಟ್ಟಿದ ಆಳ ಸುಮಾರು ೩.೨ ಕಿಲೋಮೀಟರು. ನಂದಿಬೆಟ್ಟ ಸಮುದ್ರಮಟ್ಟದಿಂದ ಎಷ್ಟು ಎತ್ತರವೋ ಅದರ ಎರಡರಷ್ಟಕ್ಕೂ ಮಿಕ್ಕಿದ ಆಳ! ಅಲ್ಲಿ ಬಂಡೆಯ ಶಾಖವೇ ೬೦ ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ. ಗಾಳಿಯನ್ನು ತಂಪುಮಾಡಿ ಕೆಳಗೆ ಕಳುಹದಿದ್ದರೆ ಮನುಷ್ಯ ನಿಲ್ಲುವಂತಿರಲಿಲ್ಲ. ಶಾಖಕ್ಕಿಂತಲೂ ಭಯಂಕರವಾದದ್ದು ಬಂಡೆಯ ಸಿಡಿತ. ಮೇಲಿನ ಭಾರವನ್ನೆಲ್ಲ ಹೊತ್ತ ಕಲ್ಲು, ಪಕ್ಕದ ಅದಿರನ್ನು ತೆಗೆದಾಗ, ಯಾವ ಸೂಚನೆಯೂ ಇಲ್ಲದೆ ಒಡೆದು ಹಾರುತ್ತಿತ್ತು. ದೊಡ್ಡ ಸಿಡಿತವಾದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಗಂಡನೋ ಮಗನೋ ಕೆಳಗಿದ್ದ ಹೆಂಗಸಿಗೆ ಆ ನಡುಕವೇ ತಂತಿ ಸಮಾಚಾರ. ಇದೇ ಆಳವನ್ನು ವಿಜ್ಞಾನಿಗಳು ಮಾತ್ರ ವರವೆಂದು ಬಗೆದರು: ಮೇಲಿನ ಅಷ್ಟು ಬಂಡೆ ಉಳಿದೆಲ್ಲ ಕಣಗಳನ್ನು ಸೋಸಿಬಿಡುವುದರಿಂದ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಸುಳಿವನ್ನು ೧೯೬೫ರಲ್ಲಿ ಇಲ್ಲಿ ಹಿಡಿಯಲು ಸಾಧ್ಯವಾಯಿತು.

೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು, ೧೯೬೨ರಲ್ಲಿ ಕೇಂದ್ರದ ಕೈಗೆ ಹೋದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು. ಅಷ್ಟರಲ್ಲಿ ಅದಿರು ಬಡವಾಗಿತ್ತು. ಒಂದು ಕಾಲಕ್ಕೆ ಟನ್ನು ಕಲ್ಲಿಗೆ ೪೦ ಗ್ರಾಮಿಗೂ ಹೆಚ್ಚು ಚಿನ್ನ ಕೊಟ್ಟ ನೆಲ, ಕೊನೆಕೊನೆಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿಯಿತು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು ೮೦೦ ಟನ್ನು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು.

ಮಾರಿಕುಪ್ಪದಲ್ಲಿ ಇಳಿದವನಿಗೆ ಮೊದಲು ಕಾಣುವುದು ಬೂದುಬಣ್ಣದ ದಿಬ್ಬಗಳು. ಜನ ಅವನ್ನು ಸೈನೈಡ್ ದಿಬ್ಬವೆನ್ನುತ್ತಾರೆ. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡಿನ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಹಿಟ್ಟು ಇದು. ಕೋಟಿಗಟ್ಟಲೆ ಟನ್ನು ಸುರಿದು ಗುಡ್ಡವಾಗಿದೆ. ಹುಲ್ಲು ಹಿಡಿಯದ ಇಳಿಜಾರು, ಮಳೆ ಕೊರೆದ ಸೀಳುಗಳು, ಗಾಳಿ ಬೀಸಿದರೆ ಏಳುವ ಧೂಳು. ರಾಜಸ್ಥಾನಕ್ಕೆ ಹೋಗದೆಯೇ ಮರಳುಗಾಡನ್ನು ನೋಡಬಹುದು. ಆದರೆ ಇದು ದೇವರು ಮಾಡಿದ ಮರಳುಗಾಡಲ್ಲ. ೨೦೧೮ರಲ್ಲಿ ಈ ಊರಿನ ಹೆಸರಿನ ಚಲನಚಿತ್ರ ತೆರೆಕಂಡ ಮೇಲೆ ದಿಬ್ಬದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಡುವ ಯುವಕರು ಹೆಚ್ಚಿದ್ದಾರೆ. ದಿಬ್ಬಕ್ಕೆ ಬೆನ್ನು ಕೊಟ್ಟು ನಿಲ್ಲದೆ ಎದುರಿನ ಸಾಲುಮನೆಗಳತ್ತ ತಿರುಗಿದರೆ ಅವರಿಗೂ ನಷ್ಟವಿಲ್ಲ.

ಏಕೆಂದರೆ ನೋಡಬೇಕಾದ್ದು ಅಲ್ಲಿದೆ. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ರಯೊಲೈಟ್ ಎಂಬ ಚಿನ್ನದ ಪಟ್ಟಣ ೧೯೦೫ರ ಸುಮಾರಿಗೆ ಎದ್ದು, ೧೯೨೦ರ ಹೊತ್ತಿಗೆ ಬರಿದಾಯಿತು. ಆಫ್ರಿಕದ ನಮೀಬಿಯಾದಲ್ಲಿ ಕೋಲ್ಮನ್ಸ್‌ಕೋಪ್ ಎಂಬ ವಜ್ರದ ಊರನ್ನು ೧೯೫೬ರಲ್ಲಿ ಜನ ಬಿಟ್ಟು ಹೋದರು. ಅದರ ಹಜಾರಗಳಲ್ಲಿ ಈಗ ಮೊಣಕಾಲುದ್ದ ಮರಳು. ಅಲ್ಲಿಯ ಜನಕ್ಕೆ ಹೋಗಲು ಬೇರೊಂದು ಊರಿತ್ತು. ಇಲ್ಲಿಯವರಿಗೆ ಇರಲಿಲ್ಲ. ಮೂರು ನಾಲ್ಕು ತಲೆಮಾರು ಕಳೆದ ಮೇಲೆ ಆರ್ಕಾಟಿನ ಹಳ್ಳಿಯಲ್ಲಿ ಯಾರ ಮನೆ, ಯಾರ ಹೊಲ? ಹೀಗಾಗಿ ಚಿನ್ನ ಹೋಯಿತು, ಜನ ಉಳಿದರು. ರಾಬರ್ಟ್‌ಸನ್‌ಪೇಟೆಯ ಅಂಗಡಿಬೀದಿ ಇಂದಿಗೂ ಗಿಜಿಗುಟ್ಟುತ್ತದೆ. ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ವ್ಯಾಪಾರದಲ್ಲಿ ಬೆರೆಯುತ್ತವೆ. ಭಾರೀ ಯಂತ್ರಗಳನ್ನು ತಯಾರಿಸುವ ಬಿ.ಇ.ಎಂ.ಎಲ್. ಕಾರ್ಖಾನೆ ಇಲ್ಲೇ ಉಂಟಾದರೂ ಅದು ಎಲ್ಲ ಮನೆಗೂ ಅನ್ನ ಕೊಡಲಾರದು.

ಮುರುಗಮಲ್ಲಕ್ಕೆ ಹಿಂದಿರುಗಬೇಕಾದವನು ರಾತ್ರಿ ರಾಬರ್ಟ್‌ಸನ್‌ಪೇಟೆಯಲ್ಲಿ ತಂಗಿ ನಸುಕಿನಲ್ಲಿ ಮಾರಿಕುಪ್ಪದ ನಿಲ್ದಾಣಕ್ಕೆ ಬರುವುದು ಮೇಲು. ಕತ್ತಲಲ್ಲೇ ಸಾಲುಮನೆಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಹೆಗಲಿಗೆ ಚೀಲ, ಚೀಲದಲ್ಲಿ ಬುತ್ತಿ. ಗಂಡಸರು, ಹೆಂಗಸರು, ಈಗಷ್ಟೇ ಓದು ಮುಗಿಸಿದ ಹುಡುಗಿಯರು. ಅಜ್ಜಂದಿರು ಪಾಳಿಗೆ ಇಳಿಯಲು ನಡೆದ ದಾರಿಯಲ್ಲೇ ಇವರೂ ನಡೆಯುತ್ತಾರೆ. ಬೆಂಗಳೂರಿನ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಆಫೀಸುಗಳಲ್ಲಿ ದುಡಿದು ಕತ್ತಲಾದ ಮೇಲೆ ಮತ್ತೆ ಇಲ್ಲಿಗೇ ಬರಬೇಕು. ಅದಿರಿಗೆಂದು ಹಾಕಿದ ಹಳಿ ಈಗ ಊರಿನ ಜನವನ್ನು ಹೊತ್ತುಕೊಂಡು ಹೋಗುತ್ತಿದೆ. ಚಾಂಪಿಯನ್, ಊರಿಗಾಂ, ಕೋರಮಂಡಲ ಎಂದು ಹೆಸರುಗಳು ತಿರುಗುಮುರುಗಾಗಿ ಬರುತ್ತವೆ. ಒಂದೊಂದು ನಿಲ್ದಾಣದಲ್ಲೂ ಹತ್ತುವವರ ನೂಕುನುಗ್ಗಲು. ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಕುಳಿತವರಲ್ಲಿ ಬಹುಮಂದಿ ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋಗಿರುತ್ತಾರೆ. ಚಿಂತಾಮಣಿಯ ಕಡೆಗೆ ಹೋಗುವವನು ಯಾರ ಬುತ್ತಿಚೀಲವನ್ನೂ ತುಳಿಯದಂತೆ ದಾರಿ ಮಾಡಿಕೊಂಡು ಇಳಿದುಬಿಡಬೇಕು.